ಅಮ್ಮನ ಬೀರು, ಕೆಳಗಿನ ಮನೆ ಅಜ್ಜಿ ಮತ್ತು ಒಂದು ಕಂಪ್ರೆಸರ್

1/5

ಹಿಂದಿನ ಪೋಸ್ಟ್‌ನಲ್ಲಿ ಅಮ್ಮನ ಬೀರುಗೆ ಪೇಂಟ್ ಹೊಡೆದ ಫೋಟೊ ಹಾಕಿದ್ದೆ. ಬೀರು ಬಗ್ಗೆ ಒಬ್ರೂ ಕೇಳ್ಲಿಲ್ಲ. ಮೂಲೇಲಿ ಅರ್ಧ ಕಾಣ್ತಿದ್ದ ಕಂಪ್ರೆಸರ್ ಬಗ್ಗೆ ಮಾತ್ರ ಇನ್‌ಬಾಕ್ಸ್ ತುಂಬಾ ಪ್ರಶ್ನೆ. "ಯಾವ ಕಂಪನಿ, ಎಷ್ಟಾಯ್ತು, ಲಿಂಕ್ ಕಳ್ಸು."

ಲಿಂಕ್ ಕಳ್ಸಲ್ಲ. ನಾನೂ ಮೊದಲು ಹಾಗೇ ಯಾರದ್ದೋ ವಿಡಿಯೊ ಕೆಳಗಿದ್ದ ಲಿಂಕ್ ನೋಡಿ, ಅಂಥದ್ದೇ ಒಂದು ಹಳೇದನ್ನ ತಂದು, ಇರೋ ಬಾಡಿಗೆ ಮನೆಗೇ ಸಂಚಕಾರ ತಂದ್ಕೊಂಡಿದ್ದೆ. ಅದನ್ನ ಹೇಳ್ತೀನಿ. ಓದಿದ್ಮೇಲೆ ಯಾವುದು ಬೇಕು ಅಂತ ನಿಮಗೇ ಗೊತ್ತಾಗುತ್ತೆ.

ಬೀರು ಅಮ್ಮನ ಮದುವೆಗೆ ತಾತ ಕೊಡಿಸಿದ್ದು. ನಮ್ಮ ಜೊತೆ ನಾಲ್ಕು ಮನೆ ಸುತ್ತಿದೆ. ಹೋದ ಮಳೆಗಾಲದಲ್ಲಿ ಗೋಡೆ ತೇವ ಹಿಡಿದು ಹಿಂದುಗಡೆ ಮತ್ತು ಕಾಲುಗಳ ಹತ್ತಿರ ತುಕ್ಕು ಶುರುವಾಯ್ತು. ಅಮ್ಮ ದಿನಾ ಒಂದು ಬಟ್ಟೆ ತಗೊಂಡು ಒರೆಸ್ತಿದ್ರು, ಒರೆಸಿದ್ರೆ ಹೋಗೋ ಹಾಗೆ. ಪೇಂಟ್ ಮಾಡೋರನ್ನ ಕೇಳಿದ್ರೆ "ಮನೆಗೆ ಬರಲ್ಲ, ತಂದುಕೊಡಿ" ಅಂದ್ರು. ನಮ್ಮದು ಮೊದಲನೇ ಮಹಡಿ, ಮೆಟ್ಟಿಲು ತಿರುವಿನಲ್ಲಿ ಆ ಬೀರು ಮೇಲಕ್ಕೆ ಬಂದದ್ದೇ ಪವಾಡ. ಬ್ರಷ್‌ನಲ್ಲಿ ಹೊಡೆದ್ರೆ ಗೆರೆ ಕಾಣುತ್ತೆ. ಸರಿ, ನಾನೇ ಸ್ಪ್ರೇ ಮಾಡ್ತೀನಿ ಅಂದೆ.

2/5

ಮೊದಲನೇದು ಸೆಕೆಂಡ್ ಹ್ಯಾಂಡ್. 2 ಎಚ್‌ಪಿ, 24 ಲೀಟರ್ ಟ್ಯಾಂಕ್, 5,500 ರೂಪಾಯಿ. ಟ್ಯೂಷನ್ ಹೇಳಿ ಉಳಿಸಿದ ದುಡ್ಡು. ಎಚ್‌ಪಿ ಜಾಸ್ತಿ ಇದ್ರೆ ಒಳ್ಳೇದು ಅಂತ ಬೈಕ್ ಲೆಕ್ಕ ಹಾಕಿದ್ದೆ.

ಭಾನುವಾರ 11 ಗಂಟೆಗೆ ಸ್ವಿಚ್ ಹಾಕಿದೆ. ಸದ್ದು ಅಂದ್ರೆ ಸದ್ದು! ಅಡುಗೆಮನೆ ಸ್ಟ್ಯಾಂಡ್‌ನಲ್ಲಿದ್ದ ತಟ್ಟೆಗಳು ಒಂದಕ್ಕೊಂದು ಹೊಡ್ಕೊಳ್ಳೋಕೆ ಶುರು. ಟ್ಯಾಂಕ್ ತುಂಬೋದ್ರೊಳಗೆ ಕೆಳಗಿನ ಮನೆ ಆಂಟಿ, ಅಂದ್ರೆ ಓನರ್ ಆಂಟಿ, ಬಾಗಿಲಲ್ಲಿ ನಿಂತಿದ್ರು. ಅವರ ಅತ್ತೆಗೆ ಸೊಂಟದ ಆಪರೇಷನ್ ಆಗಿ ಮೂರು ವಾರ ಆಗಿತ್ತು. ಆ ಅಜ್ಜಿಗೆ ರಾತ್ರಿಯೆಲ್ಲ ನೋವು, ನಿದ್ದೆ ಬರ್ತಿದ್ದದ್ದೇ ಬೆಳಿಗ್ಗೆ ಹೊತ್ತು. ನಮಗೆ ಆಪರೇಷನ್ ಆದದ್ದು ಗೊತ್ತಿತ್ತು, ನಿದ್ದೆ ವಿಷಯ ಗೊತ್ತಿರಲಿಲ್ಲ.

ಆಂಟಿ ಕೂಗಾಡಲಿಲ್ಲ. ಕೂಗಾಡಿದ್ರೆ ವಾಸಿ ಇತ್ತು. "ಇದೆಲ್ಲಾ ಮಾಡೋದಾದ್ರೆ ಬೇರೆ ಕಡೆ ನೋಡ್ಕೊಳ್ಳಿ ಅಮ್ಮಾ" ಅಂದ್ರು ಅಷ್ಟೇ. ನಮ್ಮ 11 ತಿಂಗಳ ಅಗ್ರಿಮೆಂಟ್ ಮುಗಿಯೋಕೆ ಎರಡು ತಿಂಗಳಿತ್ತು. ಅಮ್ಮ "ಇಲ್ಲ ಅಕ್ಕ, ಇನ್ಮೇಲೆ ಆಗಲ್ಲ ಅಕ್ಕ, ಮಗುಗೆ ಗೊತ್ತಾಗಲಿಲ್ಲ" ಅಂತ ಎರಡು ಸಲ ಹೇಳಿದ್ರು. ಇಪ್ಪತ್ತು ವರ್ಷದ ಮಗು ಗನ್ ಹಿಡ್ಕೊಂಡು ಪಕ್ಕದಲ್ಲೇ ನಿಂತಿತ್ತು.

ಅವತ್ತು ರಾತ್ರಿ ಸಿಟ್ಟಲ್ಲಿ ಕಾನೂನು ಹುಡುಕಿದೆ, ಹಗಲು ಹೊತ್ತಲ್ಲಿ ಸದ್ದು ಮಾಡೋಕೆ ನಮಗೂ ಹಕ್ಕಿರುತ್ತಲ್ಲ ಅಂತ. ಶಬ್ದ ಮಾಲಿನ್ಯ ನಿಯಮಗಳು, 2000 ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಅದು ಸುತ್ತಲಿನ ಒಟ್ಟಾರೆ ಸದ್ದಿಗೆ ಹಾಕಿರೋ ಮಿತಿ. ನನ್ನ ಮೆಷಿನ್ ಪಕ್ಕ ಫೋನ್ ಆ್ಯಪ್ ತೋರಿಸಿದ್ದು 92. ಕೇಸ್ ಹಾಕೋದಾದ್ರೆ ಆಂಟಿ ನನ್ನ ಮೇಲೆ ಹಾಕಬೇಕಿತ್ತು.

3/5

ಇಲ್ಲಿಂದ ಸ್ವಲ್ಪ ಗಮನ ಇಟ್ಟು ಓದಿ, ದುಡ್ಡು ಉಳಿಯೋದು ಇಲ್ಲೇ.

ಡೆಸಿಬೆಲ್ ನಮ್ಮ ಮಾರ್ಕ್ಸ್ ಥರ ಅಲ್ಲ. 10 ಡೆಸಿಬೆಲ್ ಜಾಸ್ತಿ ಆದ್ರೆ ಸದ್ದಿನ ಶಕ್ತಿ 10 ಪಟ್ಟು ಆಗುತ್ತೆ, ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನ್ಸುತ್ತೆ. ಈಗಿರೋ ಮೆಷಿನ್ ಅದೇ ಆ್ಯಪ್‌ನಲ್ಲಿ 66 ತೋರಿಸ್ತು. ಫೋನ್ ಆ್ಯಪ್ ಪಕ್ಕಾ ಅಳತೆ ಅಲ್ಲ, ಆದ್ರೆ ಒಂದೇ ಫೋನ್‌ನಲ್ಲಿ ಒಂದೇ ದೂರದಿಂದ ಎರಡನ್ನ ಹೋಲಿಸೋಕೆ ಸಾಕು. 92ಕ್ಕೂ 66ಕ್ಕೂ ವ್ಯತ್ಯಾಸ 26. ಶಕ್ತಿ ಲೆಕ್ಕದಲ್ಲಿ ಸುಮಾರು 400 ಪಟ್ಟು. ನಮ್ಮ ಮನೆ ಮಿಕ್ಸಿ 86 ತೋರಿಸುತ್ತೆ, ಆದ್ರೆ ಚಟ್ನಿ ಆದ್ಮೇಲೆ ಅದು ನಿಲ್ಲುತ್ತಲ್ಲ.

ಬಾಕ್ಸ್ ಮೇಲೆ "ಸೈಲೆಂಟ್" ಅಂತ ಬರೆದಿದ್ರೆ ನಂಬಬೇಡಿ. ಎಷ್ಟು ಡೆಸಿಬೆಲ್, ಎಷ್ಟು ಮೀಟರ್ ದೂರದಿಂದ ಅಳೆದದ್ದು ಅಂತ ಕೇಳಿ. ಬಯಲಲ್ಲಿ ದೂರ ಎರಡು ಪಟ್ಟಾದ್ರೆ ಸುಮಾರು 6 ಡೆಸಿಬೆಲ್ ತಾನಾಗೇ ಕಡಿಮೆ ಆಗುತ್ತೆ, ಹಾಗಾಗಿ ದೂರ ನಿಂತು ಅಳೆದವನ ಮೆಷಿನ್ ಸಾಧು ಥರ ಕಾಣುತ್ತೆ.

ಅದಕ್ಕಿಂತ ಒಳ್ಳೆ ಉಪಾಯ ಎಸ್.ಪಿ. ರೋಡ್‌ನಲ್ಲಿ ಒಬ್ಬ ಹಿರಿಯ ಅಂಗಡಿಯವರು ಹೇಳ್ಕೊಟ್ರು. ಮೋಟಾರ್ ಮೇಲಿನ ಪ್ಲೇಟ್‌ನಲ್ಲಿ ಆರ್‌ಪಿಎಂ ಓದಿ. ನಮ್ಮ 50 ಹರ್ಟ್ಸ್ ಕರೆಂಟ್‌ಗೆ ಇಂಡಕ್ಷನ್ ಮೋಟಾರ್ ಸುಮಾರು 2,800 ಸುತ್ತಬಹುದು, ಇಲ್ಲಾ 1,400 ಸುತ್ತಬಹುದು. ನನ್ನ ಹಳೇದು 2,800. ಪಂಪ್ ನಿಧಾನ ಸುತ್ತಿದಷ್ಟೂ ಸದ್ದು ಕಡಿಮೆ, ಸವೆತಾನೂ ಕಡಿಮೆ. ಹಲ್ಲಿನ ಡಾಕ್ಟರ್ ಕ್ಲಿನಿಕ್‌ಗಳಲ್ಲಿ ಇರ್ತಾವಲ್ಲ, ಆಯಿಲ್ ಇಲ್ಲದ ಸೈಲೆಂಟ್ ಕಂಪ್ರೆಸರ್, ಅದರದ್ದೇ ಚಿಕ್ಕ ತಮ್ಮ ನಮಗೆ ಬೇಕಾಗಿರೋದು. ಆಯಿಲ್ ಇಲ್ಲದಿದ್ರೆ ಪೇಂಟ್‌ಗೆ ಎಣ್ಣೆ ಹನಿ ಹಾರೋ ಭಯಾನೂ ಇಲ್ಲ.

ಇನ್ನೊಂದು ವಿಷಯ ನನಗೆ ಹೊಳೆದದ್ದು ತಟ್ಟೆಗಳಿಂದ. ಅಜ್ಜಿಯ ನಿದ್ದೆ ಕೆಡಿಸಿದ್ದು ಬರೀ ಗಾಳಿಯಲ್ಲಿ ಹೋದ ಸದ್ದಲ್ಲ, ನೆಲದಲ್ಲಿ ಇಳಿದ ಅದುರು. ನಮ್ಮ ನೆಲ ಅಂದ್ರೆ ಅವರ ಸೂರು. ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿದ್ರೆ ಆ ಅದುರು ಎಷ್ಟೋ ಕಡಿಮೆ ಆಗುತ್ತೆ. ಆದ್ರೆ ಸದ್ದು ಮುಚ್ಚೋಕೆ ಅಂತ ಮೆಷಿನ್ನನ್ನೇ ರಟ್ಟಿನ ಡಬ್ಬದಲ್ಲಿ ಕೂರಿಸಬೇಡಿ. ಗಾಳಿ ಆಡದೆ ಬಿಸಿಯಾಗಿ ಸುಟ್ಟುಹೋಗುತ್ತೆ.

4/5

ಈಗ ನಮ್ಮ ಬಿಕಾಂ ಭಾಷೆಗೆ ಬನ್ನಿ.

ಬಾಕ್ಸ್ ಮೇಲೆ ದೊಡ್ಡದಾಗಿ ಬರೆದಿರೋ ಗಾಳಿ ಲೆಕ್ಕ ಎಷ್ಟೋ ಸಲ ಪಿಸ್ಟನ್ ಡಿಸ್‌ಪ್ಲೇಸ್‌ಮೆಂಟ್. ಅದು ಸಿಟಿಸಿ ಇದ್ದ ಹಾಗೆ. ನಿಜವಾಗಿ ಹೊರಗೆ ಬರೋ ಗಾಳಿ, ಎಫ್‌ಎಡಿ ಅಂತಾರೆ, ಅದು ಕೈಗೆ ಬರೋ ಸಂಬಳ. ಯಾವಾಗಲೂ ಕಡಿಮೆ. ಟ್ಯಾಂಕ್ ಏನಿದ್ರೂ ಉಳಿತಾಯ ಖಾತೆ: ಸ್ವಲ್ಪ ಹೊತ್ತು ಸಂಬಳಕ್ಕಿಂತ ಜಾಸ್ತಿ ಖರ್ಚು ಮಾಡಬಹುದು, ಆಮೇಲೆ ಕಾಯಬೇಕು.

ಕೈಗೆ ಬರೋದು ಎಷ್ಟು ಅಂತ ಅಂಗಡಿಯಲ್ಲೇ ಕಂಡುಹಿಡೀಬಹುದು. ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ಸ್ವಿಚ್ ಹಾಕಿ, ಫೋನ್‌ನಲ್ಲಿ ಸ್ಟಾಪ್‌ವಾಚ್ ಒತ್ತಿ. 24 ಲೀಟರ್ ಟ್ಯಾಂಕ್ 8 ಬಾರ್‌ಗೆ ತುಂಬೋಕೆ 24 ಗುಣಿಸು 8, ಅಂದ್ರೆ 192 ಲೀಟರ್ ಹೊರಗಿನ ಗಾಳಿ ಬೇಕು. ನಾನು ತಗೊಂಡದ್ದು 2 ನಿಮಿಷ 40 ಸೆಕೆಂಡ್ ತಗೊಂಡ್ತು. ಭಾಗಿಸಿದ್ರೆ ನಿಮಿಷಕ್ಕೆ 72 ಲೀಟರ್. ಬಾಕ್ಸ್ ಮೇಲೆ 118 ಅಂತಿತ್ತು. ಅಂಗಡಿ ಹುಡುಗ "ಮೇಡಂ ಏನ್ ಎಕ್ಸಾಮ್ ಬರೀತಿದ್ದೀರಾ" ಅಂತ ನಕ್ಕ. ನಗಲಿ.

ಆಮೇಲೆ ಗನ್ ಎಷ್ಟು ಗಾಳಿ ಕುಡಿಯುತ್ತೆ ನೋಡಿ. ಮೊದಲು ಗನ್ ಆರಿಸಬೇಕು, ಆಮೇಲೆ ಮೆಷಿನ್. ನಾನು ಮಾಡಿದ್ದು ಉಲ್ಟಾ. ಕಾರಿಗೆ ಪೇಂಟ್ ಮಾಡೋ ಎಚ್‌ವಿಎಲ್‌ಪಿ ಗನ್ ನಿಮಿಷಕ್ಕೆ 280 ಲೀಟರ್ ಕೇಳಿದ್ರೆ, ಇಂಥ ಚಿಕ್ಕ ಮೆಷಿನ್ ಅರ್ಧ ನಿಮಿಷಕ್ಕೆ ಸುಸ್ತು. 0.8 ಎಂ.ಎಂ. ನಾಝಲ್ ಇರೋ ನನ್ನ ಚಿಕ್ಕ ಗನ್ ಕುಡಿಯೋದು ಸುಮಾರು 100 ಲೀಟರ್. ಅದಕ್ಕೆ ಎರಡೂವರೆ ನಿಮಿಷದ ಮೇಲೆ ಒತ್ತಡ ಇರುತ್ತೆ. ಬೀರುವಿನ ಒಂದು ಬಾಗಿಲು ಎರಡು ನಿಮಿಷದ ಕೆಲಸ. ಒಂದು ಬಾಗಿಲು ಹೊಡಿ, ಟ್ಯಾಂಕ್ ತುಂಬಲಿ, ಇನ್ನೊಂದು ಹೊಡಿ. ಅಷ್ಟೇ ಸಾಕಿತ್ತು ನನಗೆ, ಸುಮ್ನೆ 2 ಎಚ್‌ಪಿ ಹಿಂದೆ ಬಿದ್ದಿದ್ದೆ.

ನೀವು ಏರ್‌ಬ್ರಷ್‌ನಲ್ಲಿ ಗೊಂಬೆ, ಮಾಡೆಲ್ ಬಣ್ಣ ಹಾಕೋರಾದ್ರೆ ಇದೂ ಜಾಸ್ತಿ, ಇನ್ನೂ ಚಿಕ್ಕದು ಸಾಕು. ಬರೀ ಸ್ಕೂಟರ್ ಟೈರ್‌ಗೆ ಗಾಳಿ ಅಂದ್ರೆ ಕೈಯಲ್ಲಿ ಹಿಡಿಯೋ ಇನ್‌ಫ್ಲೇಟರ್ ತಗೊಳ್ಳಿ, ಆದ್ರೆ ಅದರಲ್ಲಿ ಪೇಂಟ್ ಹೊಡೀತೀನಿ ಅಂತ ಹೋಗಬೇಡಿ.

5/5

ಹಳೇದನ್ನ 4,000ಕ್ಕೆ ಮಾರಿದೆ, ಗ್ಯಾರೇಜ್ ಇಡೋ ಒಬ್ಬ ಹುಡುಗನಿಗೆ. ಅವನಿಗೆ ಅದು ಸರಿಯಾದ ಮೆಷಿನ್ನೇ. 1,500 ಹೋಯ್ತು. ಸಂಕ್ ಕಾಸ್ಟ್ ಬಗ್ಗೆ ಯೋಚಿಸಬಾರದು ಅಂತ ಕ್ಲಾಸಲ್ಲಿ ಹೇಳ್ಕೊಡ್ತಾರೆ, ಹೋದದ್ದು ಅವರ 1,500 ಅಲ್ಲ. ಹೊಸದು 9,800. ಕಮ್ಮಿ ಏನಲ್ಲ. ಅದಕ್ಕೇ ಈ ವರ್ಷ ಕಾಲೇಜ್ ಟ್ರಿಪ್ಪಿಗೆ ಬರಲಿಲ್ಲ, ಇನ್ನೂ ಯಾಕೆ ಅಂತ ಕೇಳೋರಿಗೆ ಇದೇ ಉತ್ತರ.

ತಂದ್ಮೇಲೆ ಗೊತ್ತಾದದ್ದು ಕೆಲವು. ಉದ್ದ ಬೇಕಾದ್ರೆ ಗಾಳಿ ಪೈಪ್ ಉದ್ದ ತಗೊಳ್ಳಿ, ಸಣ್ಣ ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ವೋಲ್ಟೇಜ್ ಇಳಿದು ಮೋಟಾರ್ ಒದ್ದಾಡುತ್ತೆ. ಪ್ರತಿ ಸಲ ಕೆಲಸ ಆದ್ಮೇಲೆ ಟ್ಯಾಂಕ್ ಕೆಳಗಿನ ತಿರುಪು ಬಿಚ್ಚಿ ನೀರು ಇಳಿಸಿ. ಗಾಳಿಯಲ್ಲಿರೋ ತೇವ ಒಳಗೆ ನೀರಾಗಿ ನಿಲ್ಲುತ್ತೆ, ತುಕ್ಕು ತೆಗೆಯೋಕೆ ತಂದ ಮೆಷಿನ್ನೇ ಒಳಗಿಂದ ತುಕ್ಕು ಹಿಡಿಯುತ್ತೆ. ಥಿನ್ನರ್ ಹೊಗೆ ಬೇಗ ಹೊತ್ಕೊಳ್ಳುತ್ತೆ, ಅದಕ್ಕೆ ಬೀರುವನ್ನ ಹೊರಗಿನ ಪ್ಯಾಸೇಜ್‌ಗೆ ಎಳೆದು, ಕಂಪ್ರೆಸರ್ ದೂರ ಇಟ್ಟು, ಗ್ಯಾಸ್ ಆಫ್ ಮಾಡಿ, ಮಾಸ್ಕ್ ಹಾಕಿ ಹೊಡೆದೆ. ಮತ್ತೆ, ತಮಾಷೆಗೂ ಯಾರ ಮೈಮೇಲೂ ಆ ಗಾಳಿ ಬಿಡಬೇಡಿ. ಚರ್ಮಕ್ಕೆ, ಕಣ್ಣಿಗೆ, ಕಿವಿಗೆ ನಿಜವಾಗ್ಲೂ ಅಪಾಯ.

ಹೊಸ ಮೆಷಿನ್ ಹಾಕೋ ಮುಂಚೆ ನಾನೇ ಕೆಳಗೆ ಹೋದೆ. ಅಮ್ಮನ್ನ ಕರ್ಕೊಂಡು ಹೋಗ್ಲಿಲ್ಲ. "ಅಜ್ಜಿ ಎಷ್ಟು ಗಂಟೆಗೆ ಏಳ್ತಾರೆ ಆಂಟಿ?" ಅಂತ ಕೇಳಿದೆ. ಸಂಜೆ 4ರಿಂದ 5 ಅವರು ವಾಕರ್ ಹಿಡ್ಕೊಂಡು ಹೊರಗೆ ಓಡಾಡ್ತಾರೆ, ಆಗ ಮಾಡ್ಕೋ ಅಂದ್ರು. ಮಾರನೇ ದಿನ 4 ಗಂಟೆಗೆ ರಬ್ಬರ್ ಮ್ಯಾಟ್ ಮೇಲೆ ಇಟ್ಟು ಸ್ವಿಚ್ ಹಾಕಿದೆ. ಹತ್ತು ನಿಮಿಷ ಆದ್ಮೇಲೆ ಕೆಳಗಿಂದ ಆಂಟಿ ಕೂಗಿ ಕೇಳಿದ್ರು, "ಏನೇ, ಇವತ್ತು ಮಾಡಲ್ವಾ?"

ನಾಲ್ಕು ಸಂಜೆ ಹಿಡೀತು. ಎಡಗಡೆ ಬಾಗಿಲ ಕೆಳಗೆ ಪೇಂಟ್ ಇಳಿದು ಕಣ್ಣೀರಿನ ಥರ ನಿಂತಿದೆ, ಫೋಟೊದಲ್ಲಿ ಅದು ಕಾಣದ ಹಾಗೆ ತೆಗೆದಿದ್ದೆ. ಅಮ್ಮ ಒರೆಸೋ ಬಟ್ಟೆಯನ್ನ ಇನ್ನೂ ಹ್ಯಾಂಡಲ್‌ಗೆ ಸಿಕ್ಕಿಸಿಯೇ ಇಡ್ತಾರೆ.

ಅಗ್ರಿಮೆಂಟ್ ಹೋದ ವಾರ ಮತ್ತೆ ಆಯ್ತು. ಬಾಡಿಗೆ 500 ಜಾಸ್ತಿ. ಅದಕ್ಕೂ ಕಂಪ್ರೆಸರ್‌ಗೂ ಏನೂ ಸಂಬಂಧ ಇಲ್ಲ ಅಂತ ಆಂಟಿ ಎರಡು ಸಲ ಹೇಳಿದ್ರು.