ನೀರೊಳಗಿನ ರೆಕ್ಕೆ

ನೀರಿನ ವಿಷಯದಲ್ಲಿ ನಾನು ಧೀರನಲ್ಲ. ನನ್ನ ಹತ್ತನೆಯ ವಯಸ್ಸಿನಲ್ಲಿ ತಮ್ಮನು ತುಂಗೆಯ ಮಡುವಿನಲ್ಲಿ ಮುಳುಗಿಹೋದನು. ಅಂದಿನಿಂದ ಹೊಳೆಯಲ್ಲಿ ಮೊಣಕಾಲಿನಾಚೆಗೆ ಇಳಿದವನಲ್ಲ. ಮಗಳಿಗೆ ಈಜು ಕಲಿಯಗೊಡಲಿಲ್ಲ. ಪಾಠಶಾಲೆಯಲ್ಲಿ ಸಮುದ್ರದ ಪರ್ಯಾಯಪದಗಳನ್ನು ಬಾಯಿಪಾಠ ಮಾಡಿದ್ದೆನೇ ಹೊರತು ಸಮುದ್ರದ ಸಹವಾಸ ನನಗಿರಲಿಲ್ಲ. ಇಂಥವನು 2024ರ ಬೇಸಗೆಯಲ್ಲಿ ಮಗಳ ಮನೆಗೆಂದು ಹವಾಯಿಯ ಮಾವಿ ದ್ವೀಪಕ್ಕೆ ಹೋಗಬೇಕಾಯಿತು.

ಅಲ್ಲಿ ಮೊಮ್ಮಗನು ಅಲೆಗಳ ಮೇಲೆ ಹಾರುತ್ತಿದ್ದನು. ಹಾರುವುದೆಂಬುದು ಅಲಂಕಾರದ ಮಾತೆಂದು ವಾಚಕರು ಭಾವಿಸಬಾರದು. ಅವನು ನಿಲ್ಲುವ ಹಲಗೆಯ ಅಡಿಯಲ್ಲಿ ಎರಡೂವರೆ ಅಡಿಯಷ್ಟು ಉದ್ದದ ಕಂಬ. ಅದರ ತುದಿಯಲ್ಲಿ ವಿಮಾನದ ರೆಕ್ಕೆಯನ್ನು ಹೋಲುವ ರೆಕ್ಕೆ. ಇದಕ್ಕೆ ಹೈಡ್ರೋಫಾಯಿಲ್ ಎಂದು ಹೆಸರು. ನೀರು ಗಾಳಿಗಿಂತ ಸುಮಾರು 800 ಪಾಲು ಸಾಂದ್ರವಾದುದರಿಂದ ಕಿರಿದಾದ ರೆಕ್ಕೆಯೇ ಆಳನ್ನು ಹೊರಬಲ್ಲದು. ವೇಗ ಬಂದೊಡನೆ ಹಲಗೆಯು ನೀರನ್ನು ಬಿಟ್ಟು ಮೇಲೇಳುತ್ತದೆ. ಲೇರ್ಡ್ ಹ್ಯಾಮಿಲ್ಟನ್ನರು ಈ ವಿದ್ಯೆಯನ್ನು 2003ರ ‘ಸ್ಟೆಪ್ ಇಂಟು ಲಿಕ್ವಿಡ್’ ಎಂಬ ಚಲಚ್ಚಿತ್ರದಲ್ಲಿ ಪ್ರದರ್ಶಿಸಿದರು.

ನಾನು ತಲುಪಿದ ವಾರವೇ ಆ ರೆಕ್ಕೆಯ ಅಂಚು ತಗುಲಿ ಹುಡುಗನ ಮೀನಖಂಡಕ್ಕೆ ಏಳು ಹೊಲಿಗೆ ಬಿದ್ದವು. “ಅಪ್ಪಾ, ನೀವು ಹೇಳಿದರೆ ಬಿಟ್ಟಾನು” ಎಂದಳು ಮಗಳು. ಬೇಡವೆನ್ನಲು ಮಾತುಗಳನ್ನು ಸಿದ್ಧಪಡಿಸಿಕೊಂಡು ಅವನೊಡನೆ ತೀರಕ್ಕೆ ಹೋದೆನು. ಅವನಾದರೋ ನನ್ನನ್ನು ಮರಳಿನ ಮೇಲೆ ಕೂರಿಸಿ ಪಾಠ ಹೇಳತೊಡಗಿದನು.

“ಅಜ್ಜಾ, ಕಡಲು ದಿನಕ್ಕೊಂದು ಬಗೆ. ಅಲೆ ಸಣ್ಣದಾಗಿ ಮೆಲ್ಲನೆ ಬರುವಾಗ ದೊಡ್ಡ ರೆಕ್ಕೆ ಬೇಕು. ಕಡಮೆ ವೇಗದಲ್ಲಿಯೇ ಎತ್ತುತ್ತದೆ. ಅಲೆ ದೊಡ್ಡದಾದರೆ ಸಣ್ಣ ರೆಕ್ಕೆ. ಇಲ್ಲದಿದ್ದರೆ ಬೇಡವೆಂದರೂ ಎತ್ತಿಬಿಡುತ್ತದೆ. ಗಾಳಿಯ ಕಿರುತೆರೆಗಳು ಹಲಗೆಯ ಕೆಳಗೇ ಹೋಗುತ್ತವೆ. ಒಡೆದ ಅಲೆಯ ನೊರೆ ಮಾತ್ರ ಕೆಟ್ಟದ್ದು; ಅದರಲ್ಲಿ ಗಾಳಿ ತುಂಬಿರುತ್ತದೆ, ರೆಕ್ಕೆಗೆ ಆಧಾರ ಸಿಕ್ಕುವುದಿಲ್ಲ.”

“ನೀನು ಬಿದ್ದುದು ಹೇಗೆ?”

“ಹೆಚ್ಚು ಏರಿದೆ. ರೆಕ್ಕೆ ನೀರಿನಿಂದ ಹೊರಕ್ಕೆ ಬಂತು. ಮುಂಗಾಲಿನ ಮೇಲೆ ಭಾರ ಬಿಡಬೇಕಾಗಿತ್ತು, ಬಿಡಲಿಲ್ಲ.”

ತನ್ನ ತಪ್ಪನ್ನು ಇಷ್ಟು ನಿಷ್ಕೃಷ್ಟವಾಗಿ ಹೇಳಿದ ವಿದ್ಯಾರ್ಥಿಗಳು ಮೂವತ್ತೈದು ವರ್ಷಗಳ ಉಪಾಧ್ಯಾಯ ವೃತ್ತಿಯಲ್ಲಿ ನನಗೆ ಕೆಲವರೇ ದೊರೆತಿದ್ದರು. ನನ್ನ ತಮ್ಮನಿಗೆ ನೀರಿನ ವಿಷಯವಾಗಿ ಯಾರೂ ಏನನ್ನೂ ಕಲಿಸಿರಲಿಲ್ಲ. “ಇಳಿಯಬೇಡ” ಎಂದು ಮಾತ್ರ ಹೇಳಿದ್ದುಂಟು. ಹಾಗೆ ಹೇಳಿ ಅವನನ್ನು ದಡದಲ್ಲಿ ಬಿಟ್ಟುಬಂದವನು ನಾನೇ. ಸಿದ್ಧಪಡಿಸಿದ್ದ ಮಾತುಗಳು ಬಾಯಿಗೆ ಬರಲಿಲ್ಲ. ಶಿರಸ್ತ್ರಾಣವನ್ನೂ ತೇಲುವ ಅಂಗಿಯನ್ನೂ ತೊಡಬೇಕು, ಒಬ್ಬನೇ ಹೋಗಕೂಡದು ಎಂದಷ್ಟೇ ವಿಧಿಸಿದೆನು.

ಗಾಯ ಮಾಗಿದ ಮೇಲೆ, ಈಶಾನ್ಯದ ವಾಣಿಜ್ಯ ಮಾರುತವು ಬಲವಾಗಿ ಬೀಸುತ್ತಿದ್ದ ಒಂದು ದಿನ, ಅವನು ಗೆಳೆಯರಿಬ್ಬರೊಡನೆ ಮಲಿಕೊ ಎಂಬಲ್ಲಿಂದ ಕಹುಲುಯಿ ಬಂದರಿಗೆ ಹೊರಟನು. ದೂರ ಸುಮಾರು 15 ಕಿಲೋಮೀಟರು. ಅಲ್ಲಿ ದಡದಲ್ಲಿ ಒಡೆಯುವ ಅಲೆಗಳಲ್ಲ, ಗಾಳಿಯು ಅಟ್ಟಿತರುವ ಉಬ್ಬುಗಳು. ಒಂದರ ಇಳಿಜಾರಿನಿಂದ ಮತ್ತೊಂದರ ಇಳಿಜಾರಿಗೆ ದಾಟುತ್ತ ಬರಬೇಕು. ನಾನೂ ಮಗಳೂ ಬಂದರಿನಲ್ಲಿ ಕಾದೆವು. ಈಜು ಬಾರದ ಮಗಳು ನನ್ನ ಕೈಯನ್ನು ಹಿಡಿದುಕೊಂಡಳು. ಬಹಳ ಹೊತ್ತಿನ ಮೇಲೆ ಬೆಳ್ನೊರೆಗಳಾಚೆ, ನೀರನ್ನು ಮುಟ್ಟದೆ ಬರುವ ಆಕೃತಿಗಳು ಕಂಡವು. ಒಂದು, ಎರಡು, ಕೊಂಚ ತಡೆದು ಮೂರು.

ಊರಿಗೆ ಮರಳಿದ ತರುವಾಯ ಒಂದು ಮುಂಜಾನೆ ತುಂಗೆಯಲ್ಲಿ ಸೊಂಟದವರೆಗೆ ಇಳಿದು ನಿಂತೆನು.