ಹರಾಜಿನ ನಡುವೆ ಒಂದು ಸಂಜೆ

ಡಿಸೆಂಬರ್ ಬಂತೆಂದರೆ ಹುಣಸೂರು ತಾಲ್ಲೂಕಿನ ನಮ್ಮ ಕಟ್ಟೆಮಳಲವಾಡಿಯಲ್ಲಿ ತಂಬಾಕು ಹರಾಜಿನದೇ ಮಾತು. ಬೇಲು ಎಷ್ಟಕ್ಕೆ ಹೋಯ್ತು, ದರ ಏರಿತಾ, ಇಳೀತಾ. ಇದರ ನಡುವೆ ಒಂದು ಸಂಜೆಯಾದರೂ ಬಿಡುವು ಮಾಡ್ಕೊಂಡು ಮೈಸೂರಿನ ಬಸ್ಸು ಹತ್ತಿ ಅಂತ ಎಲ್ಲರಿಗೂ ಹೇಳ್ತಿರ್ತೀನಿ.

ಕ್ರಿಸ್‌ಮಸ್ ಹೊತ್ತಿಗೆ ಅರಮನೆ ಅಂಗಳದಲ್ಲಿ ಮಾಗಿ ಉತ್ಸವ, ಹೂವಿನ ಪ್ರದರ್ಶನ, ಸಂಜೆಗೆ ಸಂಗೀತ. ನನಗೆ ಎಲ್ಲಕ್ಕಿಂತ ಇಷ್ಟ ಪೊಲೀಸ್ ಬ್ಯಾಂಡು. ಸಮವಸ್ತ್ರ ತೊಟ್ಟವರು ಸ್ಯಾಕ್ಸೋಫೋನು, ಕ್ಲಾರಿನೆಟ್ಟು ಹಿಡಿದು ಕರ್ನಾಟಕ ಸಂಗೀತದ ಕೃತಿ ನುಡಿಸುವಾಗ ಹತ್ತಿರದಿಂದ ನೋಡಬೇಕು: ಉಸಿರು ತುಂಬಿ ಉಬ್ಬಿದ ಕೆನ್ನೆ, ತಾಳಕ್ಕೆ ಸಣ್ಣಗೆ ಅಲುಗುವ ಬೂಟು. ಇದು ಅರಮನೆ ಬ್ಯಾಂಡಿನ ಪರಂಪರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯ ಒಟ್ಟೊ ಶ್ಮಿಟ್ ಅರಮನೆಯ ವಾದ್ಯವೃಂದ ನಡೆಸುತ್ತಿದ್ದರು. 1933ರಲ್ಲಿ ಸೇಂಟ್ ಫಿಲೋಮಿನಾ ಚರ್ಚಿಗೆ ಅಡಿಗಲ್ಲು ಇಟ್ಟವರೂ ಅದೇ ನಾಲ್ವಡಿಯವರು. ಅರಮನೆಯಲ್ಲಿ ಬ್ಯಾಂಡು ಕೇಳಿ, ಅಲ್ಲಿಂದ ಚರ್ಚಿಗೆ ಹೋಗಿ ಗೋದಲಿ ನೋಡಿ, ಕ್ಯಾರಲ್ ಹಾಡಿಗೆ ಕಿವಿಗೊಟ್ಟು ಬರೋದು ಒಂದೇ ಸಂಜೆಗೆ ಆಗುತ್ತೆ.

ಈ ಬ್ಯಾಂಡು ವರ್ಷಕ್ಕೊಮ್ಮೆ ಹುಣಸೂರಿಗೂ ಬರಬೇಕು. ರಾತ್ರಿ ಬಸ್ಸಿನಲ್ಲಿ ಚಳಿ ತಡೆದುಕೊಂಡು ವಾಪಸ್ ಬರಲಾಗದ ಹಿರಿಯರು ನಮ್ಮ ಕಡೆ ತುಂಬಾ ಜನ ಇದ್ದಾರೆ.