ಹಡಗಿನ ಹಲಗೆ, ಅವ್ವನ ಅಡುಗೆಮನೆ

ನಮ್ಮ ವಡಗೇರಾ ಸೀಮೆಯಲ್ಲಿ ಬಾಗಿಲುಗಳಿಗೂ ಋತುಮಾನ ತಿಳಿಯುತ್ತದೆ. ಮೇ ತಿಂಗಳ ಬಿಸಿಲು 42-43 ಡಿಗ್ರಿ ಮುಟ್ಟಿದಾಗ ಅವು ಮೈ ಕುಗ್ಗಿಸಿಕೊಂಡು ಸಂದಿ ಬಿಡುತ್ತವೆ. ಬೀದಿಯ ದೂಳು, ಎದುರು ಮನೆಯ ಜಗಳ, ಯಾರದೋ ಒಗ್ಗರಣೆಯ ಘಾಟು ಎಲ್ಲವೂ ಆ ಸಂದಿಯಿಂದಲೇ ಒಳಗೆ ಬರುತ್ತವೆ. ಮಳೆಗಾಲ ಹಿಡಿದರೆ ಅವೇ ಬಾಗಿಲುಗಳು ಹಿಗ್ಗಿ ಚೌಕಟ್ಟನ್ನು ಕಚ್ಚಿ ಹಿಡಿಯುತ್ತವೆ, ಭುಜ ಕೊಟ್ಟು ನೂಕಿದರೂ ಜಪ್ಪಯ್ಯ ಅನ್ನುವುದಿಲ್ಲ. ಆಗ ಬಡಿಗೇರ ಕಾಕಾ ರಂದಾ ಹಿಡಿದುಕೊಂಡು ಬರುತ್ತಿದ್ದರು. ಬಾಗಿಲಿನ ಅಂಚನ್ನು ಬೆರಳಿಂದ ಸವರಿ, ಎರಡೇ ಎರಡು ಎಳೆ ಹೆರೆದು ಕೈ ನಿಲ್ಲಿಸುತ್ತಿದ್ದರು. ಇನ್ನಷ್ಟು ಹೆರೆಯಿರಿ ಎಂದು ಅಪ್ಪ ಗೊಣಗಿದರೆ, "ಈಗ ಸಿಟ್ಟಿನ್ಯಾಗ ಅದರೀ ಅದು. ಬ್ಯಾಸಿಗಿ ಬರ್ಲಿ, ತಾನ ಇಳೀತದ" ಎನ್ನುವರು.

ಮರಗಳ ಸ್ವಭಾವ ಅವರಿಗೆ ನೆಂಟರಿಷ್ಟರ ಸ್ವಭಾವದಷ್ಟೇ ಗೊತ್ತಿತ್ತು. ನೊಗಕ್ಕೆ, ಕುಂಟೆಗೆ, ಗಾಡಿಯ ಗಾಲಿಗೆ ಕರಿಜಾಲಿ. ಬಡವರ ಬಾಗಿಲಿಗೆ, ಜಂತಿಗೆ ಬೇವು. ಕಹಿ ಮರವಾದ್ದರಿಂದ ಗೆದ್ದಲು ಸುಲಭಕ್ಕೆ ಬಾಯಿ ಹಾಕದು. ಸ್ಥಿತಿವಂತರಿಗೆ ಸಾಗವಾನಿ. ಊರ ರೈತರ ಒಕ್ಕಲುತನದ ಸಾಮಾನು ವರ್ಷವಿಡೀ ರಿಪೇರಿ ಮಾಡಿಕೊಟ್ಟು, ಸುಗ್ಗಿಯಲ್ಲಿ ರಾಶಿಯ ಕಣಕ್ಕೆ ಹೋಗಿ ಜೋಳದ ಆಯ ತಂದವರು ಅವರಪ್ಪ. ಕಾಕಾನ ಕೆಲಸದ ಛಪ್ಪರದಲ್ಲಿ ತಿಂಥಣಿ ಮೌನೇಶ್ವರರ ಫೋಟೊ ಇತ್ತು. ಅದಕ್ಕೆ ಊದುಬತ್ತಿ ಹಚ್ಚದೆ ಗರಗಸಕ್ಕೆ ಕೈ ಹಾಕಿದವರಲ್ಲ. ಸುರಪುರ ತಾಲ್ಲೂಕಿನ ತಿಂಥಣಿಯಲ್ಲಿ ಕೃಷ್ಣೆಯ ದಂಡೆಗೆ ಮೌನೇಶ್ವರರ ಗುಡಿಯಿದೆ. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಅಲ್ಲಿನ ಜಾತ್ರೆಗೆ ಹೋಗಿ ಬಂದ ಮರುದಿನ ಕಾಕಾನ ಕೈ ಇನ್ನಷ್ಟು ಹಗುರಾಗಿರುತ್ತದೆಂದು ನಮ್ಮ ಓಣಿಯವರ ನಂಬಿಕೆ.

ಇಂಥ ಊರಿಗೆ ಪ್ಲೈವುಡ್ ಬಂದದ್ದು ಅಂಗಡಿಯ ದಾರಿಯಿಂದಲ್ಲ, ಗುಳೆ ಹೋದವರ ಹೆಗಲ ಮೇಲಿಂದ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆಯ ಸಂಸಾರಗಳು ಪಾತ್ರೆ ಪಡಗ ಕಟ್ಟಿಕೊಂಡು ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತುತ್ತಿದ್ದವು. ಬೆಂಗಳೂರಿನಲ್ಲೋ ಪುಣೆಯಲ್ಲೋ ಸ್ಲ್ಯಾಬ್ ಹಾಕುವ ಕೆಲಸ. ವಾಪಸು ಬರುವಾಗ ಕೆಲವರು ಸೆಂಟ್ರಿಂಗಿಗೆ ಬಳಸಿ ಬಿಸಾಕಿದ ಪ್ಲೈ ತುಂಡುಗಳನ್ನೂ ತರುತ್ತಿದ್ದರು. ಸಿಮೆಂಟು ಮೆತ್ತಿ ಗಟ್ಟಿಯಾದ, ಮೊಳೆಯ ತೂತುಗಳ ಕಂದು ಹಲಗೆಗಳು. ಅವು ನಮ್ಮಲ್ಲಿ ಕೋಳಿಗೂಡಿನ ಬಾಗಿಲಾದವು, ಬಚ್ಚಲ ಮರೆಯಾದವು, ದನದ ಕೊಟ್ಟಿಗೆಯ ಕಿಟಕಿಯಾದವು. ಒಂದು ತುಂಡಿನ ಮೇಲೆ ಯಾವುದೋ ಅಪಾರ್ಟ್‌ಮೆಂಟಿನ ಹೆಸರೂ ಒಂಬತ್ತನೇ ಮಹಡಿ ಎಂಬ ಗುರುತೂ ಇದ್ದವು. ಆ ಕೊಟ್ಟಿಗೆಯ ಎಮ್ಮೆಯನ್ನು ನಾವು ಬಹಳ ದಿನ 'ಒಂಬತ್ತನೇ ಮಹಡಿ ಎಮ್ಮೆ' ಎಂದೇ ಕರೆದೆವು. ಆ ಮಹಡಿ ಕಟ್ಟಿ ಬಂದವನು ಮಾತ್ರ ನಮ್ಮ ನಗೆಯಲ್ಲಿ ಅಷ್ಟಾಗಿ ಸೇರುತ್ತಿರಲಿಲ್ಲ.

ಕಾಕಾನಿಗೆ ಮೊದಮೊದಲು ಪ್ಲೈ ಎಂದರೆ ಮೂಗು ಮುರಿಯುವಷ್ಟು ತಾತ್ಸಾರ. "ಅದು ಮರ ಅಲ್ಲ ತಮ್ಮಾ, ಮರದ ಚೂರಿಗೆ ಅಂಟ ಹಚ್ಚಿದ್ದು" ಎನ್ನುತ್ತಿದ್ದರು. ಒಂದು ತುಂಡನ್ನು ಉಳಿಯಿಂದ ಸೀಳಿ ನೋಡಿದ ಮೇಲೆ ಮಾತು ಬದಲಾಯಿತು. ದಿಮ್ಮಿಯನ್ನು ಯಂತ್ರಕ್ಕೆ ಕೊಟ್ಟು ತಿರುಗಿಸುತ್ತ ತೆಳು ಹಾಳೆಯಾಗಿ ಸುಲಿಯುತ್ತಾರೆ. ಒಂದು ಹಾಳೆಯ ನಾರು ಉದ್ದಕ್ಕಿದ್ದರೆ ಮುಂದಿನದರ ನಾರು ಅಡ್ಡಕ್ಕೆ. ಹೀಗೆ ಮೂರು, ಐದು, ಏಳು, ಹೆಚ್ಚಾಗಿ ಬೆಸ ಸಂಖ್ಯೆಯಲ್ಲಿ ಪದರ ಕೂಡಿಸಿ, ಅಂಟು ಹಾಕಿ, ಕಾವು ಕೊಟ್ಟು ಒತ್ತುತ್ತಾರೆ. ಮರ ಹಿಗ್ಗುವುದು, ಕುಗ್ಗುವುದು ನಾರಿನ ಅಡ್ಡಕ್ಕೆ. ಒಂದು ಪದರ ಹಿಗ್ಗಲು ಹೋದರೆ ಪಕ್ಕದ್ದು ತಡೆದು ಹಿಡಿಯುತ್ತದೆ. ಬ್ಯಾಸಿಗೆಗೂ ಮಳೆಗೂ ಒಂದೇ ಮುಖ. "ಅಣ್ಣ-ತಮ್ಮರು ಅಡ್ಡಡ್ಡ ನಿಂತ್ರ ಮನಿ ಒಡೀತದ ಅಂತಿದ್ವಿ. ಇಲ್ಲಿ ಅಡ್ಡ ನಿಂತಿದ್ದಕ್ಕ ಗಟ್ಟಿ ಆಗ್ಯಾದ" ಎಂದು ಕಾಕಾ ಆ ತುಂಡನ್ನು ಜೋಪಾನವಾಗಿ ಮೂಲೆಗಿಟ್ಟರು. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನವರು ಮಸ್ಕಿಟೊ ಎಂಬ ಯುದ್ಧವಿಮಾನವನ್ನು ಪ್ಲೈವುಡ್ಡಿನಿಂದ ಕಟ್ಟಿದ್ದರು, ಕುರ್ಚಿ ಮೇಜು ಮಾಡುವವರೇ ಅದರ ಭಾಗಗಳನ್ನು ಮಾಡಿದ್ದರು ಎಂದು ನಾನು ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂಗಡ ಎಷ್ಟು ಕೊಟ್ಟಿದ್ರಂತ?" ಎಂದು ಕೇಳಿದರು.

ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ. ವಡಗೇರಾ ಹೊಸ ತಾಲ್ಲೂಕುಗಳ ಪಟ್ಟಿಗೆ ಸೇರಿದ್ದು 2017ರ ಬಜೆಟ್ಟಿನಲ್ಲಿ. ಆಫೀಸು ಬಂದವು, ಆಫೀಸಿನವರು ಬಂದರು, ಮಾಳಿಗೆ ಮನೆಗಳ ಜಾಗದಲ್ಲಿ ಆರ್‌ಸಿಸಿ ಎದ್ದಿತು. ಗೋಡೆಯ ಮಾಡದಲ್ಲಿ ದೀಪ, ಗೂಟದಲ್ಲಿ ಅಂಗಿ, ಸಂದೂಕದಲ್ಲಿ ಉಳಿದದ್ದೆಲ್ಲ ಎಂದು ಬದುಕಿದ್ದ ಜನಕ್ಕೆ ಕಪಾಟು ಬೇಕಾಯಿತು. ನಮ್ಮ ಅವ್ವನ ಅಡುಗೆಮನೆಗೂ ಕಪಾಟು ಮಾಡಿಸಬೇಕೆಂಬ ಮಾತು ಎದ್ದದ್ದು ಹೀಗೆಯೇ. ಎದ್ದದ್ದು ಅವ್ವನ ಬಾಯಿಂದಲ್ಲ, ನಮ್ಮ ಬಾಯಿಂದ.

ಯಾವ ಪ್ಲೈ ಎಂಬ ಪ್ರಶ್ನೆ ಬಂದಾಗ ಮನೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಚಿತ್ರ ಕಂಡೆ. ಕಲಬುರಗಿಯಲ್ಲಿರುವ ನಾನು, ಒಳ್ಳೆ ಕಂಪನಿಯ ಎಂ.ಆರ್. ಸಾಕು ಎಂದೆ. ಎಂ.ಆರ್. ಅಂದರೆ ತಂಪು ತಡೆಯುವಂಥದ್ದು, ಅಂಗಡಿಯವರ ಬಾಯಲ್ಲಿ ಕಮರ್ಷಿಯಲ್. ಪುಣೆಯಲ್ಲಿರುವ ಅಣ್ಣ, ಅಡುಗೆಮನೆ ಅಂದಮೇಲೆ ಕುದಿನೀರು ತಡೆಯುವ ಬಿ.ಡಬ್ಲ್ಯೂ.ಆರ್. ಆದರೂ ಬೇಕು ಎಂದ. ಅಮೆರಿಕದಲ್ಲಿರುವ ಅಣ್ಣನ ಮಗ ರಾತ್ರೋರಾತ್ರಿ ಬರೆದ: ಅಜ್ಜಿಗೆ ಮರೀನ್ ಪ್ಲೈ, ಅಂದರೆ ಹಡಗಿನ ಹಲಗೆ, ಬಿಟ್ಟು ಬೇರೆ ಬೇಡ, ಐಎಸ್ 710 ಮಾರ್ಕು ನೋಡಿ ತನ್ನಿ, ದುಡ್ಡು ನಾನು ಕಳಿಸುತ್ತೇನೆ. ಶಹಾಪುರದಿಂದ ಆಗಾಗ ಬಸ್ಸು ಹತ್ತಿ ಬಂದು ಅವ್ವನ ತಲೆಗೆ ಎಣ್ಣೆ ಹಚ್ಚಿ ಹೋಗುವ ತಂಗಿ ಒಬ್ಬಳೇ, "ಕಪಾಟ ಯಾಕ ಬೇಕು? ಹಳೇ ಹಲಗಿ ತೊಳದು ಒಂದ್ ಮೊಳಿ ಹೊಡಸ್ರಿ" ಎಂದಳು. ಊರಿನಿಂದ ದೂರವಾದಷ್ಟೂ ಪ್ಲೈವುಡ್ಡಿನ ದರ್ಜೆ ಏರುತ್ತದೆ ಎಂಬುದು ನನ್ನ ಲೆಕ್ಕಕ್ಕೆ ಸಿಕ್ಕ ನಿಯಮ. ಬರಲಾಗದವರು ದಪ್ಪ ಹಲಗೆ ಕಳಿಸುತ್ತಾರೆ.

ಯಾದಗಿರಿಯ ಅಂಗಡಿಗೆ ನಾನೂ ಕಾಕಾನೂ ಹೋದೆವು. ನಮ್ಮ ಕಡೆಯ ಸಾಮಿಲ್ಲು, ಪ್ಲೈವುಡ್ ಅಂಗಡಿಗಳಲ್ಲಿ ಗುಜರಾತಿನ ಕಚ್ಛ್‌ನಿಂದ ಬಂದ ಪಟೇಲರದು ದೊಡ್ಡ ಪಾಲು. ಈ ಅಂಗಡಿಯವರೂ ಅಂಥವರೇ. ಮನೆಯವರೊಡನೆ ಗುಜರಾತಿ, ಗಿರಾಕಿಗಳೊಡನೆ ಅಚ್ಚ ಯಾದಗಿರಿ ಕನ್ನಡ. "ಬರ್ರಿ ಕಾಕಾ, ಹಾಳಿ ತಗೊಳ್ಳೋರು ಬಂದ್ರು" ಎಂದು ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಶೀಟುಗಳನ್ನು ಒಂದೊಂದಾಗಿ ಸರಿಸಿದರು. ಕಾಕಾ ಭೀಮೆಯ ದಂಡೆಯ ಸಂತೆಯಲ್ಲಿ ಕಲ್ಲಂಗಡಿ ಆರಿಸುವವರಂತೆ ಬೆರಳ ಗೆಣ್ಣಿನಿಂದ ಶೀಟಿನ ಉದ್ದಕ್ಕೂ ತಟ್ಟುತ್ತ ಹೋದರು. ಸದ್ದು ಬದಲಾದ ಕಡೆ ನಿಂತು, "ಇಲ್ಲಿ ಹೊಟ್ಟಿ ಖಾಲಿ ಅದ" ಎಂದರು. ಒಳಪದರದ ಎರಡು ಹಾಳೆ ಕೂಡುವಲ್ಲಿ ಸಂದು ಬಿಟ್ಟರೆ ಹಾಗೆ ಟೊಳ್ಳು ಸದ್ದು ಬರುತ್ತದಂತೆ. ಆಮೇಲೆ ಶೀಟಿನ ಅಂಚಿಗೆ ಕಣ್ಣಿಟ್ಟು ಅಂಟಿನ ಗೆರೆಯ ಬಣ್ಣ ನೋಡಿದರು. ಎಂ.ಆರ್.ಗೆ ಹಾಕುವ ಯೂರಿಯಾ ಅಂಟಿನ ಗೆರೆ ತಿಳಿ, ಮರೀನಿಗೆ ಹಾಕುವ ಫಿನಾಲ್ ಅಂಟಿನದು ಕಡುಗಂದು. "ಮ್ಯಾಲಿನ ಕೆಂಪ್ ಬಣ್ಣ ನೋಡಿ ವಾಟರ್‌ಪ್ರೂಫ್ ಅನ್ನೋರು ಭಾಳ ಮಂದಿ ಅದಾರ ತಮ್ಮಾ. ಬಣ್ಣ ಯಾರ್ ಬೇಕಾದ್ರೂ ಬಳೀತಾರ. ಅಂಚು ಸುಳ್ಳ ಹೇಳೂದಿಲ್ಲ."

ಆ ಅಂಚಿನಲ್ಲಿ ಒಂದು ಭೂಪಟವೇ ಅಡಗಿತ್ತು. ಒಳಗಿನ ಹಗುರ ಪದರ ಹರಿಯಾಣದ ಯಮುನಾನಗರದ ಕಡೆಯ ಪಾಪ್ಲರ್, ಗಟ್ಟಿ ಪದರ ನೀಲಗಿರಿ. ಮೇಲಿನ ಹಾಳೆ ಮೊದಲೆಲ್ಲ ಮ್ಯಾನ್ಮಾರಿನ ಗರ್ಜನ್ ಮರದ್ದಿರುತ್ತಿತ್ತು. ಆ ದೇಶ 2014ರಲ್ಲಿ ದಿಮ್ಮಿ ರಫ್ತು ನಿಲ್ಲಿಸಿದ ಮೇಲೆ ಅದು ದುಬಾರಿಯಾಗಿ, ಈಗ ಆಫ್ರಿಕಾದ ಗಬಾನಿನ ಒಕುಮೆಯೂ ಬರುತ್ತದೆ. ಅಸ್ಸಾಮಿನಲ್ಲಿ ಚಹಾದ ಪೆಟ್ಟಿಗೆಗೆಂದು ಬೆಳೆದ ಪ್ಲೈ ಕಾರ್ಖಾನೆಗಳಿಗೆ, ಕಾಡು ಉಳಿಸಲೆಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ಕೊಟ್ಟ ಆದೇಶದಿಂದ ದೊಡ್ಡ ಪೆಟ್ಟು ಬಿತ್ತು. ಕರಿಜಾಲಿ ಹೊಲದ ಬದುವಿನಿಂದ ಬರುತ್ತಿದ್ದ ಕಾಲದಲ್ಲಿ ಯಾವ ಮರ ಯಾರ ಹೊಲದ್ದು ಎಂದು ಕಾಕಾ ಹೇಳಬಲ್ಲವರಾಗಿದ್ದರು. ಈಗ ಗಬಾನು ಎಂಬ ಹೆಸರನ್ನು ಎರಡು ಸಲ ಬಾಯೊಳಗೇ ಅಂದುಕೊಂಡು, "ಅವ್ರ ಊರಾಗೂ ಮಳಿ ಇಲ್ಲೇನು, ಮರ ಮಾರಾಕತ್ತಾರ?" ಎಂದರು.

ಎರಡು ಬಗೆಯ ಸ್ಯಾಂಪಲ್ ತುಂಡು ಹಿಡಿದು ಊರಿಗೆ ಬಂದೆವು. ಮರೀನ್ ಪ್ಲೈ 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಪದರ ಬಿಡಬಾರದು ಎಂಬುದು ಪರೀಕ್ಷೆಯ ನಿಯಮ. ಇಂಥ ಪರೀಕ್ಷೆ, ಸಂಶೋಧನೆಗೆಂದೇ 1962ರಲ್ಲಿ ಶುರುವಾದ ಪ್ಲೈವುಡ್ ಸಂಸ್ಥೆಯೊಂದು ಬೆಂಗಳೂರಿನ ತುಮಕೂರು ರಸ್ತೆಯಲ್ಲಿದೆ. ವಡಗೇರಾದ ಪ್ರಯೋಗಾಲಯ ನಮ್ಮ ಬಚ್ಚಲ ಒಲೆ. ಸ್ನಾನದ ಹಂಡೆಗೆ ತುಂಡುಗಳನ್ನು ಇಳಿಬಿಟ್ಟು, ಹತ್ತಿಕಟ್ಟಿಗೆಯ ಉರಿ ಹಾಕಿ ಕಾಕಾ ಬೀಡಿ ಹಚ್ಚಿ ಕೂತರು. ಅವ್ವ ಬಂದು ಹಂಡೆಯೊಳಗೆ ಇಣುಕಿದಳು.

"ಇದಕ್ಕ ಉಪ್ಪ ಖಾರ ಏನಾರ ಹಾಕಬೇಕೇನೋ ಬಡಿಗೇರಣ್ಣ?"

"ಬ್ಯಾಡಕ್ಕಾ, ಇದು ಬೀಗರ ಅಡಿಗಿ. ಬೆಂದ್ರ ತಪ್ಪು, ಬೇಯದಿದ್ರ ಚಲೋ."

ಉರಿ ಆರುವ ಹೊತ್ತಿಗೆ ಎಂ.ಆರ್. ತುಂಡು ಅಂಚಿನಲ್ಲಿ ಬಾಯಿ ಬಿಟ್ಟು ಹಾಳೆ ಹಾಳೆಯಾಗಿತ್ತು. ಮರೀನ್ ತುಂಡು ಹಾಕಿದಂತೆಯೇ ಬಂದಿತು. ಇನ್ನೇನು, ಮೊಮ್ಮಗನ ಮಾತೇ ಗೆದ್ದಿತು ಎಂದುಕೊಂಡೆ. ಆದರೆ ಕಾಕಾ ತುಂಡು ಒರೆಸಿ ಅವ್ವನ ಎದುರಿಗಿಟ್ಟು ಮೂರು ಪ್ರಶ್ನೆ ಕೇಳಿದರು. "ಎಲ್ಲೆಲ್ಲಿ ನೀರ ಬಡೀತದ?" ಅವ್ವ ತೊಟ್ಟಿಯ ಕೆಳಗೆ, ಕುಡಿಯುವ ನೀರಿನ ಕೊಡದ ಹತ್ತಿರ ಎಂದು ತೋರಿಸಿದಳು. "ಎಷ್ಟ್ ಭಾರ ಇಡ್ತೀರಿ?" ಅವ್ವ ಉಪ್ಪಿನಕಾಯಿ ಭರಣಿ, ಜೋಳದ ಹಿಟ್ಟಿನ ಡಬ್ಬಿ ತೋರಿಸಿದಳು. "ಎಷ್ಟ್ ವರ್ಷ ಇರಬೇಕು?"

ಮೂರನೆಯದಕ್ಕೆ ಅವ್ವ ಕೂಡಲೇ ಉತ್ತರಿಸಲಿಲ್ಲ. ಬೇವಿನ ಬಾಗಿಲು ಮಾಡಿಸುವಾಗ ಅಪ್ಪನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಮರ ಮನುಷ್ಯನಿಗಿಂತ ಹೆಚ್ಚು ಬಾಳುತ್ತದೆ ಎಂಬುದು ಕೇಳಿ ತಿಳಿಯುವ ವಿಷಯವಾಗಿರಲಿಲ್ಲ. ಆಯಸ್ಸು ಹೇಳಿಕೊಂಡು, ಮಡಿಕೆಯ ಕಾಗದದಲ್ಲಿ ಗ್ಯಾರಂಟಿ ಬರೆಸಿಕೊಂಡು ನಮ್ಮ ಮನೆಗೆ ಬಂದ ಮೊದಲ ಮರ ಈ ಪ್ಲೈವುಡ್ಡೇ. 25 ವರ್ಷ ಎಂದು ಕಾಗದದಲ್ಲಿತ್ತು. ಅದನ್ನು ಓದಿ ಹೇಳಿದಾಗ ಅವ್ವ ನಕ್ಕಳು. "ನನಗೂ ಒಂದು ಇಂಥಾ ಕಾಗದ ಬರಸ್ಕೊಂಡ್ ಬರ್ರಿ" ಎಂದಳು. ನಾವೂ ನಕ್ಕೆವು, ನಗುವಿಗೆ ಬೇಕಾದುದಕ್ಕಿಂತ ತುಸು ಜೋರಾಗಿ.

ಕಾಕಾ ಮಾತ್ರ ಕಸುಬಿನ ಮಾತು ಬಿಡಲಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದಾಗ ನೀರಿಳಿದ ಮೇಲೆ ಅವರು ಕೆಲವು ಮನೆಗಳ ಕೆಲಸಕ್ಕೆ ಹೋಗಿದ್ದರು. ಹೊಟ್ಟು ಒತ್ತಿ ಮಾಡಿದ ಬೋರ್ಡುಗಳು ಉಬ್ಬಿ ಉದುರಿದ್ದವು. ಸಾಗವಾನಿ ಸಂದೂಕಗಳು ನೆರಳಲ್ಲಿ ಒಣಗಿ ಮತ್ತೆ ಬಾಗಿಲು ಹಾಕಿಕೊಂಡಿದ್ದವು. "ಆದ್ರ ನೀರಿಗಿಂತ ಕೆಟ್ಟದ್ದು ಬೀಗ ತಮ್ಮಾ" ಎಂದರು. ಮಂದಿ ಓಡಾಡುವ ಮನೆಯಲ್ಲಿ ಒರೆಸುವ ಕೈ ಇರುತ್ತದೆ, ಗಾಳಿ ಆಡುತ್ತದೆ, ಗೆದ್ದಲಿನ ಮಣ್ಣುಗೆರೆ ಕಂಡರೆ ಯಾರೋ ಸೀಮೆಎಣ್ಣೆ ಬಳಿಯುತ್ತಾರೆ. ಅಲ್ಲಿ ಎಂ.ಆರ್. ಪ್ಲೈ ಕೂಡ ಬಹುಕಾಲ ಬಾಳುತ್ತದೆ. "ಬೀಗ ಬಿದ್ದ ಮನ್ಯಾಗ ಹಡಗಿನ ಹಲಗಿನೂ ನಿಲ್ಲೂದಿಲ್ಲ." ಅವರು ಹೇಳಿದ್ದು ತಂಪು, ಗೆದ್ದಲಿನ ವಿಷಯ. ನಮ್ಮ ಓಣಿಯಲ್ಲಿ ಒಳ್ಳೊಳ್ಳೆ ಪ್ಲೈ ಹಾಕಿಸಿಕೊಂಡು ಬೀಗ ಹಾಕಿಕೊಂಡಿರುವ ಮನೆಗಳು ಯಾರವೆಂದು ಇಬ್ಬರಿಗೂ ಗೊತ್ತಿದ್ದರಿಂದ ಹೆಸರು ಹೇಳುವ ಪ್ರಸಂಗ ಬರಲಿಲ್ಲ.

ಕೊನೆಗೆ ಎಲ್ಲರ ಮಾತೂ ನಡೆಯಿತು. ತೊಟ್ಟಿಯ ಕೆಳಗೂ ನೆಲಕ್ಕೆ ತಾಗುವಲ್ಲೂ 19 ಮಿ.ಮೀ. ಮರೀನ್. ಮೇಲಿನ, ನೀರು ಕಾಣದ ಗೂಡುಗಳಿಗೆ ಎಂ.ಆರ್. ಉದ್ದನೆಯ ಬಾಗಿಲುಗಳಿಗೆ ಬ್ಲಾಕ್ ಬೋರ್ಡ್, ಅದು ಹಗುರ, ಬಾಗುವುದು ಕಡಿಮೆ. ಹಿಂಬದಿಗೆ 6 ಮಿ.ಮೀ. ತೆಳು ಶೀಟು. ತಂಗಿಯ ಮಾತೂ ಉಳಿಯಲೆಂದು ಕಾಕಾ ಹಳೆಯ ಬೇವಿನ ಹಲಗೆ ತೊಳೆದು, ಮೊಳೆ ಹೊಡೆದು, ಒಲೆಯ ಪಕ್ಕ ಕೂಡಿಸಿದರು. ಅವ್ವ ದಿನವೂ ಕೈ ಚಾಚುವುದು ಅದಕ್ಕೇ. ಸನ್‌ಮೈಕಾ ಹೊಳೆಯುವ ಹೊಸ ಗೂಡುಗಳಲ್ಲಿ ಎಲ್ಲರೂ ಒಮ್ಮೆಗೇ ಬಂದರೆ ಬೇಕಾಗುವಷ್ಟು ತಾಟು, ಲೋಟ ಜೋಡಿಸಿಟ್ಟಿದ್ದಾಳೆ.

ಈಗ ನಮಗೆಲ್ಲ ಫೋನಿನಲ್ಲಿ ಮಾತು ಶುರುಮಾಡಲು ಒಂದು ವಿಷಯ ಸಿಕ್ಕಿದೆ. ಮೊಣಕಾಲು ನೋವು ಹೇಗಿದೆ ಎಂದು ಕೇಳಿದರೆ ಮುಂದೆ ಏನು ಹೇಳಬೇಕೋ ತಿಳಿಯದು. ಕಪಾಟಿನದು ಕೇಳುವುದು ಸಲೀಸು. ಪುಣೆಯಿಂದ ಅಣ್ಣ ಕೇಳುತ್ತಾನೆ, ಅಮೆರಿಕದಿಂದ ಮೊಮ್ಮಗ ಕೇಳುತ್ತಾನೆ, ಕಲಬುರಗಿಯಿಂದ ನಾನೂ ಕೇಳುತ್ತೇನೆ: ಕಪಾಟು ಹೇಗಿದೆ, ನೀರು ತಾಗಿಲ್ಲ ತಾನೇ, ಬಾಗಿಲು ಸರಿಯಾಗಿ ಮುಚ್ಚುತ್ತದೆಯೇ? ಎಲ್ಲರಿಗೂ ಅವ್ವನದು ಒಂದೇ ಉತ್ತರ. "ಅದಕ್ಕೇನಾಗ್ತದೋ, 25 ವರ್ಷದ್ದು. ಆರಾಮ ಅದ. ನೀವು ಯಾವಾಗ ಬರ್ತೀರಿ ಅದ ಹೇಳ್ರಿ ಮೊದ್ಲ."